ಪರ್ವತಪ್ಪನವರ ಮುಯ್ಯಿ ಯಂತ್ರ

"ಗೌಡ್ರೇ, ಕಾಫಿ ಆಮೇಲೆ ಕುಡೀರಿ. ಮೊದ್ಲು ಇಲ್ಲಿ ನೋಡಿ!" ಎನ್ನುತ್ತ ಪರ್ವತಪ್ಪ ಮೇಜಿನ ಮೇಲೆ ಹೊದಿಸಿದ್ದ ಪಂಚೆಯನ್ನು ಸರ್ರನೆ ಎಳೆದರು.

ನಾನು ಲೋಟ ಕೆಳಗಿಡಲಿಲ್ಲ. ಸರ್ವೀಸು ಪೂರ್ತಿ ರೈಲಿನಲ್ಲಿ ಟಿಕೆಟ್ ಪರೀಕ್ಷಿಸಿದವನು ನಾನು. ಯಾರಾದರೂ ತಾವಾಗಿಯೇ ಮುಂದೆ ಬಂದು ಉತ್ಸಾಹದಿಂದ ಏನನ್ನಾದರೂ ತೋರಿಸಿದರೆ ಮೊದಲು ಅನುಮಾನ ಪಡುವುದೇ ನನ್ನ ಅಭ್ಯಾಸ. ಅದೂ ಅಲ್ಲದೆ ಅರಸೀಕೆರೆಯ ನಮ್ಮ ಬೀದಿಯಲ್ಲಿ ಪರ್ವತಪ್ಪನವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅವರ ಹಿಂದಿನ ಆವಿಷ್ಕಾರ, ತನ್ನಷ್ಟಕ್ಕೆ ತಾನೇ ರುಬ್ಬುವ ಒರಳು, ಆ ಗೋಡೆಯನ್ನು ಒಡೆದುಕೊಂಡು ನಮ್ಮ ದೇವರ ಮನೆಗೆ ಬಂದಿತ್ತು. ಗಾರೆ ಇನ್ನೂ ಒಣಗಿಲ್ಲ.

ಮೇಜಿನ ಮೇಲೆ ಹೊಲಿಗೆ ಯಂತ್ರದ ಕಾಲು, ಮಿಕ್ಸಿಯ ಮೋಟಾರು, ಹಳೇ ರೇಡಿಯೋದ ಸ್ಪೀಕರು ಎಲ್ಲವೂ ಒಂದಕ್ಕೊಂದು ತಂತಿಯಿಂದ ಬಿಗಿದುಕೊಂಡು ಕುಳಿತಿದ್ದವು. ನಡುವೆ ಚಕ್ಕುಲಿ ಒರಳಿನಲ್ಲಿ ಒಂದು ಮೊಬೈಲು. ಅದರ ಮೇಲೆ ಸೈಕಲ್ ಟ್ಯೂಬಿನಿಂದ ಕತ್ತರಿಸಿ ಮಾಡಿದ ಕರೀ ಬೆರಳು ನೇತಾಡುತ್ತಿತ್ತು. ಪಕ್ಕದ ಬಟ್ಟಲಿನಲ್ಲಿ ಒದ್ದೆ ಬತ್ತಿ.

"ಬತ್ತಿ ಯಾಕೆ?"

"ಒಣ ಬೆರಳು ಮುಟ್ಟಿದ್ರೆ ಮೊಬೈಲಿಗೆ ಗೊತ್ತಾಗಲ್ಲ ಗೌಡ್ರೇ. ನೀವು ನೋಟು ಎಣಿಸೋವಾಗ ಬೆರಳಿಗೆ ಎಂಜಲು ಹಚ್ಕೊಳಲ್ವಾ? ಹಂಗೇ."

ಪರ್ವತಪ್ಪ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಹೆಸರಿಗೆ ಪರ್ವತ, ಆಳು ಬಿದಿರು ಗಳು. ತಲೆ ಮಾತ್ರ ಹಗಲೂ ರಾತ್ರಿ ಓಡುತ್ತಿರುತ್ತದೆ, ಎಲ್ಲಿಗೆ ಅಂತ ಅವರಿಗೂ ಗೊತ್ತಿರುವುದಿಲ್ಲ. ಆದರೆ ಆ ದಿನ ಅವರ ಮುಖದಲ್ಲಿ ಎಂದಿನ ಹುಡುಗಾಟ ಇರಲಿಲ್ಲ. ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಇದು ಅವಳಿಗೋಸ್ಕರ ಮಾಡಿದ್ದು."

ಅಡುಗೆಮನೆಯಲ್ಲಿ ಅವರ ಹೆಂಡತಿ ಸಿದ್ಧಗಂಗಮ್ಮ ಹುರುಳಿಕಾಯಿ ಮುರಿಯುತ್ತಿದ್ದರು. ಸುಮ್ಮನೆ ಮುರಿಯುತ್ತಿದ್ದರು, ಅದೇ ಸಂಕಟ. ಅವರು ಏನು ಮಾಡಿದರೂ ಜೊತೆಗೊಂದು ಸೋಬಾನೆ ಪದ ಇರುತ್ತಿತ್ತು. ಗೋಡೆಯಾಚೆಯಿಂದ ಆ ದನಿ ಕೇಳಿಯೇ ನಮ್ಮ ಮನೆಯಲ್ಲಿ ಬೆಳಗಾಗುತ್ತಿತ್ತು. ಅವರ ಅಜ್ಜಿ ಬಾಯಿಂದ ಬಾಯಿಗೆ ಕೊಟ್ಟ ಪದಗಳು ಅವು. ಈಗ ಅವರ ಗಂಟಲಲ್ಲಿ ಗಂಟು. ಹಾಸನದ ಡಾಕ್ಟರು ಆಪರೇಷನ್ ಆಗಲೇಬೇಕು ಎಂದಿದ್ದರು. ಆಮೇಲೆ ಮಾತು ಬರುತ್ತದೆ, ಹಾಡು ಬರುತ್ತದೋ ಇಲ್ಲವೋ ಹೇಳಲಾರೆ ಎಂದೂ ಹೇಳಿದ್ದರು. ಸಿದ್ಧಗಂಗಮ್ಮ ಅಳಲಿಲ್ಲ. "ಅಷ್ಟರೊಳಗೆ ಒಂದ್ಸಲ ಜನರ ಮುಂದೆ ಕೂತು ನಮ್ಮಜ್ಜಿ ಪದ ಹಾಡ್ಬೇಕು. ಕೇಳೋರು ಕೇಳ್ಲಿ" ಎಂದಷ್ಟೇ ಅಂದರು. ತಿಂಗಳ ಕೊನೆಗೆ ಜಿಲ್ಲೆಯಲ್ಲಿ ಒಂದು ಜಾನಪದ ಮೇಳವಿತ್ತು. ಡಾಕ್ಟರು ಅಲ್ಲಿಯವರೆಗೆ ಕಾಯಲು ಒಪ್ಪಿದ್ದರು, ಅದರಾಚೆ ಒಂದು ದಿನವೂ ಇಲ್ಲ.

ಮೇಳದವರು ಮಾತ್ರ ಒಪ್ಪಲಿಲ್ಲ. ಮೊಬೈಲಿನಲ್ಲಿ ಹತ್ತು ಸಾವಿರ ಫಾಲೋವರ್ಸು ಇದ್ದ ಕಲಾವಿದರಿಗಷ್ಟೇ ವೇದಿಕೆಯಂತೆ! ಸಿದ್ಧಗಂಗಮ್ಮನವರಿಗೆ ಇದ್ದವರು ನಲವತ್ತು ಚಿಲ್ಲರೆ. ಅದರಲ್ಲೂ ಅರ್ಧ ನಮ್ಮ ಮನೆಯವರೇ.

"ನಮ್ಮಲ್ಲಿ ಪದ್ಧತಿ ಏನು ಹೇಳಿ?" ಪರ್ವತಪ್ಪ ಕೇಳಿದರು. "ನಾವು ಅವರ ಮನೆ ಮದುವೆಗೆ ಹೋದ್ರೆ, ಅವರು ನಮ್ಮನೆ ಮದುವೆಗೆ ಬಂದೇ ಬರ್ಬೇಕು. ಮುಯ್ಯಿ! ಮುಯ್ಯಿ ತೀರಿಸ್ದೆ ಇರೋ ಮನುಷ್ಯ ಎಲ್ಲಾದ್ರೂ ಇದಾನಾ? ನಾವು ಫಾಲೋ ಮಾಡಿದ್ರೆ ಅವರೂ ಫಾಲೋ ಮಾಡ್ತಾರೆ. ಈ ಯಂತ್ರಕ್ಕೆ ಅದನ್ನೇ ಕಲಿಸಿದೀನಿ. ಮೊದ್ಲು ಹೋಗಿ ಕರೆಯುತ್ತೆ. ಬರದಿದ್ರೆ ಮತ್ತೆ ಹೋಗಿ ಏನು ತಪ್ಪಾಯ್ತು ಅಂತ ಮರ್ಯಾದೆಯಾಗಿ ಕೇಳುತ್ತೆ."

"ಬಂದವರು ಕೊಂಕು ಮಾತಾಡಿದ್ರೆ?"

"ಊಟಕ್ಕೆ ಬಂದು ಉಪ್ಪು ಜಾಸ್ತಿಯಾಯ್ತು ಅನ್ನೋರನ್ನ ಮತ್ತೆ ಯಾರು ಕರೀತಾರೆ? ಅಂಥವರ ಮುಖಕ್ಕೆ ಬಾಗಿಲು ಹಾಕುತ್ತೆ."

ಸ್ವಿಚ್ ಒತ್ತಿದರು. ಮೋಟಾರು ಗುರ್ರೆಂದಿತು. ಕರೀ ಬೆರಳು ಬತ್ತಿಯನ್ನು ನೆಕ್ಕಿ ಮೊಬೈಲನ್ನು ಮುಟ್ಟಿತು. ಸ್ಪೀಕರಿನಿಂದ ಮಠದ ಸ್ವಾಮಿಗಳಂಥ ಗಂಭೀರ ದನಿ ಹೊರಟಿತು: "ಬನ್ನಿ. ಮನೆಯವರೆಲ್ಲ ತಪ್ಪದೆ ಬನ್ನಿ." ಟಕ್! ಯಾರೋ ನಾಯಿ ಮಾರುವವನು. ಟಕ್! ಯಾರೋ ಕೇಕು ಮಾಡುವವಳು. ಟಕ್, ಟಕ್, ಟಕ್! ನಾನು ಕಾಫಿ ಮುಗಿಸುವಷ್ಟರಲ್ಲಿ ಯಂತ್ರ ಅರ್ಧ ಕರ್ನಾಟಕವನ್ನು ಕರೆದು ಮುಗಿಸಿತ್ತು.

ಊಟದ ಹೊತ್ತಿಗೆ ಟಕ್ ಟಕ್ ನಿಂತಿತು. ಮೊಬೈಲಿನಲ್ಲಿ ಒಂದು ಸೂಚನೆ: "ನೀವು ಬಹಳ ವೇಗವಾಗಿ ಫಾಲೋ ಮಾಡುತ್ತಿದ್ದೀರಿ. ಇಂದಿನ ಮಿತಿ ಮುಗಿದಿದೆ. ನಾಳೆ ಪ್ರಯತ್ನಿಸಿ."

"ನೋಡಿದ್ರಾ ಅನ್ಯಾಯ!" ಪರ್ವತಪ್ಪ ನಮ್ಮ ಮನೆಗೇ ಓಡಿ ಬಂದರು. "ಕರೆಯೋದಕ್ಕೂ ಮಿತಿಯೇನ್ರೀ? ನಾವೇನು ಸಾಲ ಕೇಳೋಕ್ ಹೋಗಿದ್ವಾ?"

"ಎಲ್ಲದಕ್ಕೂ ಒಂದು ಮಿತಿ ಬೇಕಪ್ಪ. ರೈಲು ಬೋಗಿಗೂ ಇಷ್ಟೇ ಜನ ಅಂತ ಬರೆದಿರುತ್ತೆ."

"ಅಷ್ಟೇ ಜನ ಹತ್ತುತ್ತಿದ್ರಾ?"

ಹಬ್ಬದ ದಿನ ಬೋಗಿಯ ತುದಿಯಿಂದ ತುದಿಗೆ ಹೋಗಲು ನಾನೇ ಕಿಟಕಿಯಿಂದ ಇಳಿದು ಹತ್ತಿದ್ದುಂಟು.

"ಮಿತಿ ಇರೋದು ಒಂದೊಂದು ಅಕೌಂಟಿಗೆ" ಎಂದು ಅವರು ಕಣ್ಣು ಕಿರಿದು ಮಾಡಿದರು. "ಅಂದ್ರೆ ಒಂದು ಕಂಬದಲ್ಲಿ ಕರೆಂಟಿಲ್ಲ ಅಂತ. ಪಕ್ಕದ ಕಂಬದಿಂದ ಲೈನ್ ಎಳಕೊಂಡ್ರೆ ಆಯ್ತು. ನಿಮ್ಮ ಮೊಬೈಲ್ ಅರ್ಧ ಗಂಟೆ ಕೊಡಿ ಗೌಡ್ರೇ. ನಿಮ್ಮ ಹೆಸರಲ್ಲಿ ಕರೆದು, ಮುಯ್ಯಿ ಮಾತ್ರ ಅವಳ ಅಕೌಂಟಿಗೆ ಹಾಕಿ ಅಂತ ಹೇಳಿಸ್ತೀನಿ."

ಸಿದ್ಧಗಂಗಮ್ಮನವರ ಗಂಟಲನ್ನು ನೆನೆದು ಕೊಟ್ಟೆ. ಅರ್ಧ ಗಂಟೆ ಒಂದು ವಾರವಾಯಿತು. ನಮ್ಮ ಮನೆಯವಳ ಮೊಬೈಲು ಹೋಯಿತು, ಎದುರು ಮನೆ ದರ್ಜಿಯದು ಹೋಯಿತು, ಹಾಲಿನವನದೂ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಚಕ್ಕುಲಿ ಒರಳಿನ ಸುತ್ತ ಬೀದಿಯ ಮೊಬೈಲುಗಳೆಲ್ಲ ಪಂಕ್ತಿಗೆ ಕುಳಿತಂತೆ ಕುಳಿತವು. ನನ್ನ ಹೆಸರಿನಲ್ಲಿ ಯಂತ್ರ ಉಗುರಿಗೆ ಬಣ್ಣ ಹಚ್ಚುವ ಹುಡುಗಿಯರನ್ನೂ, ಬನಿಯನ್ ಬಿಚ್ಚಿ ಭಾರ ಎತ್ತುವ ಗಂಡಸರನ್ನೂ ಶ್ರದ್ಧೆಯಿಂದ ಫಾಲೋ ಮಾಡಿತು. ತಿಪಟೂರಿನಿಂದ ನಮ್ಮ ಬೀಗರು, ಅಂದರೆ ನನ್ನ ಅಳಿಯನ ತಂದೆ, ಮನೆಯವಳ ಹಳೇ ಫೋನಿಗೆ ಕರೆ ಮಾಡಿದರು.

"ಏನ್ರೀ ಗೌಡ್ರೇ ಇದು? 'ನಾವು ಎರಡು ಸಲ ನಿಮ್ಮಲ್ಲಿಗೆ ಬಂದೆವು, ನೀವು ಒಂದು ಸಲವೂ ಬರಲಿಲ್ಲ, ನಮ್ಮಿಂದೇನು ತಪ್ಪಾಯಿತು' ಅಂತ ಬರ್ದಿದೀರಿ! ಯಾವಾಗ ಬಂದಿದ್ರಿ ನೀವು?"

"ನಾನಲ್ಲ ಸ್ವಾಮಿ, ಯಂತ್ರ."

"ಯಂತ್ರ ಬಂದಿತ್ತಾ ನಮ್ಮನೆಗೆ?"

ವಿವರಿಸಿ ಸಾಕಾಯಿತು. ಅವರು ಫೋನ್ ಕುಕ್ಕಿದರು. ಮಗಳು ಆಮೇಲೆ ಅತ್ತಳು ಎಂದು ಕೇಳಿದೆ.

ಆದರೆ ಯಂತ್ರ ಗೆದ್ದಿತು! ಫಾಲೋವರ್ಸು ನೂರಾಯಿತು, ಸಾವಿರವಾಯಿತು. ಒಂದು ಸಂಜೆ ಪರ್ವತಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದರು: "ಹತ್ತು ಸಾವಿರ! ಗಂಗೂ, ಹತ್ತು ಸಾವಿರ!"

ಸಿದ್ಧಗಂಗಮ್ಮ ಒಲೆ ಆರಿಸಿ ಹೊರಗೆ ಬಂದರು. "ಅಷ್ಟು ಜನಾನಾ? ನನ್ನ ಪದ ಕೇಳಕ್ಕಾ?" ಎಂದು ಮೊಬೈಲಿನಲ್ಲಿ ಬೆರಳಿಟ್ಟು ಎಣಿಸುವವರ ಹಾಗೆ ನೋಡಿದರು. ಅಂಥ ಸಂತೋಷದ ಮುಖವನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ. ಮೇಳಕ್ಕೆ ಮೊದಲು ಅವರಿಗೆಲ್ಲ ಒಂದು ಪದ ಹಾಡಿಬಿಡುತ್ತೇನೆ, ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂದರು. ಹಸಿರು ಸೀರೆ ಉಟ್ಟು, ಹೂ ಮುಡಿದು ಮೊಬೈಲಿನ ಎದುರು ಚಾಪೆಯ ಮೇಲೆ ಕುಳಿತರು. ನಾನು, ನಮ್ಮ ಮನೆಯವಳು ಬಾಗಿಲ ಬಳಿ ನಿಂತೆವು.

ಪರ್ವತಪ್ಪ ನೇರ ಪ್ರಸಾರದ ಗುಂಡಿ ಒತ್ತಿದರು. ಸಿದ್ಧಗಂಗಮ್ಮ ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲೇ ತೆರೆಯ ಮೇಲೆ ಸಾಲು ಸಾಲಾಗಿ ಹೊಗಳಿಕೆ ಸುರಿಯಿತು. "ಅದ್ಭುತ!" "ಎಂಥ ಕಂಠ!" "ಮನ ತುಂಬಿ ಬಂತು!"

"ಇನ್ನೂ ಬಾಯೇ ಬಿಟ್ಟಿಲ್ವಲ್ರೀ ನಾನು" ಎಂದರು ಸಿದ್ಧಗಂಗಮ್ಮ.

"ಅಭಿಮಾನ ಕಣೇ, ತಡ್ಕಳಕ್ಕಾಗ್ದೆ ಬರೀತಾರೆ. ನೀನು ಹಾಡು."

ಅವರು ಹಾಡಿದರು. ಹೆಣ್ಣು ಒಪ್ಪಿಸುವ ಪದ.

*ಹೊಸ್ತೀಲ ದಾಟ್ಯಾಳೆ ಹಿತ್ತೀಲ ನೋಡ್ಯಾಳೆ*
*ಹೆತ್ತೋಳ ಕಣ್ಣು ತುಂಬ್ಯಾವೆ, ತವರೂರ*
*ಬಾವೀಯ ನೀರು ಬತ್ತ್ಯಾವೆ*

ಮೂರನೇ ಸಾಲಿನಲ್ಲಿ ಕೆಮ್ಮು ಬಂತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. "ಅದ್ಭುತ! ಎಂಥ ಕಂಠ!" ಎಂದಿತು ತೆರೆ. ಅವರು ಹಾಡು ನಿಲ್ಲಿಸಿ ಸುಮ್ಮನೆ ಕುಳಿತರು. "ಮನ ತುಂಬಿ ಬಂತು!" ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು. "ಇನ್ನೊಂದು ಹಾಡಿ, ಅದ್ಭುತ!"

ಸಿದ್ಧಗಂಗಮ್ಮ ಗಂಡನ ಕಡೆ ತಿರುಗಿದರು.

"ಇವ್ರು ಯಾರೂ ಮನುಷ್ಯರಲ್ಲ, ಅಲ್ವೇನ್ರೀ?"

ಪರ್ವತಪ್ಪ ತಲೆ ತಗ್ಗಿಸಿದರು. "ಅವರೂ ನಮ್ಮಂಗೇ ಯಂತ್ರ ಇಟ್ಕೊಂಡಿರೋರು ಅಂತ ಕಾಣುತ್ತೆ ಗಂಗೂ. ಯಂತ್ರ ಯಂತ್ರಕ್ಕೆ ಮುಯ್ಯಿ ತೀರಿಸಿದೆ."

"ಹಂಗಾದ್ರೆ ಈಗ ಹಾಡಿದ್ನಲ್ಲ, ಯಾರು ಕೇಳಿದ್ರು?"

ನಾವಿಬ್ಬರು ಬಾಗಿಲಲ್ಲಿ ನಿಂತಿದ್ದೇವಲ್ಲಮ್ಮ ಎನ್ನಬೇಕೆನಿಸಿತು. ಆದರೆ ನಾವು ಗೋಡೆಯಾಚೆಯಿಂದ ಯಾವಾಗಲೂ ಕೇಳುತ್ತಿದ್ದವರು, ಅವರ ಲೆಕ್ಕಕ್ಕೆ ಮನೆಯವರೇ. ಅವರು ಹೂ ತೆಗೆದು ಕಿಟಕಿಯ ಮೇಲಿಟ್ಟು ಒಳಗೆ ಹೋದರು. ಮೇಳವೂ ಬೇಡ, ಏನೂ ಬೇಡ ಎಂದರು. ಒಲೆ ಹೊತ್ತಿಸಿದ ಸದ್ದು ಮಾತ್ರ ಕೇಳಿತು.

ಮರುದಿನ ಬೆಳಿಗ್ಗೆ ಪರ್ವತಪ್ಪ ನನ್ನನ್ನು ಕರೆದರು. ಕಣ್ಣು ಕೆಂಪಗಿದ್ದವು.

"ಎಲ್ಲರನ್ನೂ ಅನ್‌ಫಾಲೋ ಮಾಡಿ ಒಗೆಯೋಣ ಅಂದ್ರೆ ಅದಕ್ಕೂ ಮಿತಿಯಂತೆ ಗೌಡ್ರೇ! ದಿನಕ್ಕೆ ಇಷ್ಟೇ ಜನರನ್ನ ಬಿಡಬೇಕಂತೆ."

"ಬರೋಕೂ ಮಿತಿ, ಹೋಗೋಕೂ ಮಿತಿ. ನಮ್ಮ ರೈಲ್ವೆನೇ ಎಷ್ಟೋ ವಾಸಿ."

"ಇಷ್ಟು ಜನರಲ್ಲಿ ಒಬ್ಬನಾದ್ರೂ ಮನುಷ್ಯ ಇರಲ್ವಾ? ಒಬ್ಬ ಸಿಕ್ರೂ ಸಾಕು, ಅವಳಿಗೆ ತೋರಿಸ್ತೀನಿ."

ಸರಿ, ನನ್ನ ಹಳೇ ಕೆಲಸಕ್ಕೆ ಕುಳಿತೆ. ಕನ್ನಡಕ ಏರಿಸಿ, ಬಂದವರನ್ನೆಲ್ಲ ಒಬ್ಬೊಬ್ಬರಾಗಿ ತಪಾಸಣೆ ಮಾಡಿದೆ. ಮುಖವಿಲ್ಲದವರು, ಊರಿಲ್ಲದವರು, ಹೆಸರಿನ ಜಾಗದಲ್ಲಿ ಬರೀ ಅಂಕಿ ಇರುವವರು. ಇಡೀ ರೈಲಿನಲ್ಲಿ ಟಿಕೆಟ್ ಇದ್ದವನು ಒಬ್ಬನೂ ಇಲ್ಲ! ಮಧ್ಯಾಹ್ನದ ಹೊತ್ತಿಗೆ ಬೇಸತ್ತು, ಯಂತ್ರ ಮುಖಕ್ಕೆ ಬಾಗಿಲು ಹಾಕಿದವರು ಯಾರಾದರೂ ಇದ್ದಾರೆಯೇ ನೋಡೋಣ ಎಂದೆ. ಪರ್ವತಪ್ಪ ಅದನ್ನು ತೆರೆದರು. ಅಲ್ಲಿದ್ದದ್ದು ಒಂದೇ ಹೆಸರು, ನಿನ್ನೆ ಸಂಜೆಯದು.

"ಚೆನ್ನಾಗ್ ಹಾಡ್ತೀಯ ಕಣವ್ವ. ಆದ್ರೆ ಮೂರನೇ ಸಾಲು ತಪ್ಪು. ಬಾವಿ ನೀರು ಬತ್ತಲ್ಲ, ಉಕ್ತದೆ. ಕೆಮ್ಮಿಗೆ ಮೆಣಸಿನ ಕಷಾಯ ಕುಡಿ. ಹೊಂಬಾಳಮ್ಮ, ಬಾಣಾವರ. ಮೊಮ್ಮಗಳ ಕೈಲಿ ಬರೆಸಿದ್ದು."

"ಅಯ್ಯೋ ಮುಟ್ಠಾಳ!" ನಾನು ಯಂತ್ರಕ್ಕೆ ಬೈದೆನೋ ಪರ್ವತಪ್ಪನವರಿಗೆ ಬೈದೆನೋ ನನಗೇ ತಿಳಿಯಲಿಲ್ಲ. "ಇದ್ದ ಒಂದೇ ಮನುಷ್ಯಪ್ರಾಣೀನ ಹೊರಗೆ ಹಾಕಿದೆಯಲ್ಲೋ!"

"ಉಪ್ಪು ಹೆಚ್ಚಾಯಿತೆಂದರು" ಎಂದಿತು ಯಂತ್ರ, ಗಂಭೀರವಾಗಿ.

ನಮ್ಮ ಗಲಾಟೆಗೆ ಸಿದ್ಧಗಂಗಮ್ಮ ಹೊರಗೆ ಬಂದರು. ಓದಿ ಹೇಳಿದೆವು. ಅವರ ಮುಖ ಕೆಂಪಾಯಿತು.

"ತಪ್ಪಾ? ನಮ್ಮಜ್ಜಿ ಹೇಳ್ಕೊಟ್ಟಿದ್ದು ತಪ್ಪಾ? ಯಾವಳ್ರೀ ಅವಳು?"

"ಬಿಡು ಗಂಗೂ, ಯಾರೋ..."

"ಬಿಡದೇನು? ಮೂರನೇ ಸಾಲಿನವರೆಗೂ ಕಿವಿಗೊಟ್ಟು ಕೇಳಿದಾಳೆ ಅಂತ ಆಯ್ತಲ್ಲ! ಬಾಣಾವರ ಎಷ್ಟು ದೂರ? ನನ್ನ ಚಪ್ಪಲಿ ಎಲ್ಲಿ?"

ಅಕೌಂಟಿನಿಂದ ಉತ್ತರ ಕಳಿಸೋಣವೆಂದರೆ ಮತ್ತೆ ಮಿತಿ! ಹಾಕಿದ ಬಾಗಿಲನ್ನು ತೆರೆಯಲು ಎರಡು ದಿನ ಕಾಯಬೇಕಂತೆ. ಸಿದ್ಧಗಂಗಮ್ಮ ಕಾಯಲಿಲ್ಲ. ಮಧ್ಯಾಹ್ನದ ಪ್ಯಾಸೆಂಜರಿಗೆ ಮೂವರೂ ಹತ್ತಿದೆವು. ಟಿಕೆಟ್ ನಾನೇ ತೆಗೆಸಿದೆ. ಆತುರದಲ್ಲಿ ಯಾರೂ ಯಂತ್ರದ ಸ್ವಿಚ್ ಆರಿಸಲಿಲ್ಲ.

ಬಾಣಾವರದಲ್ಲಿ ಹೊಂಬಾಳಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸ್ಟೇಷನ್ನಿನ ಎದುರು ಹೂ ಮಾರುವವಳೇ ಕೈ ತೋರಿಸಿದಳು. ಹಲ್ಲಿಲ್ಲದ ಮುದುಕಿ, ಜಗಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಕುಳಿತಿತ್ತು. ಸಿದ್ಧಗಂಗಮ್ಮ ನಮಸ್ಕಾರವನ್ನೂ ಹೇಳಲಿಲ್ಲ.

"ಬತ್ತ್ಯಾವೆ ಅನ್ನೋದು ತಪ್ಪು ಅಂದೋರು ನೀವೇನಾ?"

ಮುದುಕಿ ಮುಖ ಎತ್ತಿ ನೋಡಿತು. "ಓ, ಕೆಮ್ಮೋಳು! ಬಾರವ್ವ, ಕೂತ್ಕೋ. ತಪ್ಪಲ್ದೆ ಮತ್ತೇನು? ಹೆಣ್ಣುಮಗಳು ಗಂಡನ ಮನೆಗೆ ಹೊಂಟ್ರೆ ತವರ ಬಾವಿ ಬತ್ತೋಗ್ಲಿ ಅಂತೀಯಾ? ಶಾಪ ಹಾಕ್ದಂಗಾಯ್ತದೆ. ಉಕ್ಕ್ಯಾವೆ ಅನ್ಬೇಕು."

"ನಮ್ಮಜ್ಜಿ ಆರು ಜನ ಹೆಣ್ಮಕ್ಕಳ್ನ ಕಳಿಸ್ದೋಳು. ಕಳಿಸಿದ ಮನೇಲಿ ಏನಿರ್ತದೆ ಅಂತ ಅವಳಿಗೆ ಗೊತ್ತಿತ್ತು. ಬತ್ತ್ಯಾವೆ!"

"ಉಕ್ಕ್ಯಾವೆ!"

ಬೀದಿಯವರು ಬಾಗಿಲಿಗೆ ಬಂದರು. ಪರ್ವತಪ್ಪ ನಡುವೆ ಹೋಗಲು ನೋಡಿದರು, ನಾನು ಅಂಗಿ ಹಿಡಿದು ಎಳೆದೆ. "ಹಾಡವ್ವ ಮತ್ತೆ, ನೋಡಣ" ಎಂದಿತು ಮುದುಕಿ. ಸಿದ್ಧಗಂಗಮ್ಮ ಅಲ್ಲೇ ಜಗಲಿಯ ಮೇಲೆ ಕುಳಿತು ಹಾಡಿದರು. ದನಿ ಒಡೆದಿತ್ತು, ಆದರೂ ಹಾಡಿದರು. ಹೊಸ್ತಿಲು ದಾಟಿದ ಹುಡುಗಿ, ಕಣ್ಣು ತುಂಬಿದ ತಾಯಿ, ಆಮೇಲೆ ಬತ್ತಿದ ಬಾವಿ. ಒಂದಾದ ಮೇಲೊಂದು ಪದ, ಅಜ್ಜಿ ಕೊಟ್ಟದ್ದೆಲ್ಲ. ಮುದುಕಿ ಕುಟ್ಟುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿತ್ತು. ಹಾಡು ಮುಗಿದಾಗ ಯಾರೂ ಅದ್ಭುತ ಎನ್ನಲಿಲ್ಲ. ನೀರು ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಕೊಡ ಇಳಿಸದೆ ಹಾಗೇ ನಿಂತಿದ್ದಳು. ನಾನು ಅತ್ತೆ. ಯಾಕೆ ಸುಳ್ಳು ಹೇಳಲಿ, ಚೆನ್ನಾಗಿಯೇ ಅತ್ತೆ.

ಮುದುಕಿ ಸಿದ್ಧಗಂಗಮ್ಮನ ಕೈ ಹಿಡಿದುಕೊಂಡಿತು. "ಪದ ಎಲ್ಲಾ ಸರಿ ಅದೆ. ಮೂರನೇ ಸಾಲು ಮಾತ್ರ ತಪ್ಪು."

ಸಿದ್ಧಗಂಗಮ್ಮ ಜೋರಾಗಿ ನಕ್ಕರು. ವಾಪಸು ಬರುವ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತು, "ಡಾಕ್ಟರಿಗೆ ಫೋನ್ ಮಾಡ್ರಿ. ಮೇಳದವರೆಗೂ ಕಾಯೋದು ಬೇಡ, ನಾಳೆನೇ ಬರ್ತೀವಿ ಅನ್ನಿ. ನಾನು ಹಾಡಿ ಆಯ್ತು" ಎಂದರು. ಪರ್ವತಪ್ಪ ಅವರ ಕೈಚೀಲವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

ನಮ್ಮ ಬೀದಿಗೆ ಬಂದು ನೋಡುತ್ತೇವೆ, ಜನವೋ ಜನ!

ನಾವು ಊರಿನಲ್ಲಿಲ್ಲದ ಹೊತ್ತಿನಲ್ಲಿ ಯಂತ್ರ ಯೋಚನೆ ಮಾಡಿತ್ತು. ಹತ್ತು ಸಾವಿರ ಜನ ಹೊಗಳಿದಾಗ ಈ ಮನೆಯವರು ಹೂ ತೆಗೆದಿಟ್ಟು ಒಳಗೆ ಹೋದರು. ಒಬ್ಬಳು ತಪ್ಪು ಎಂದಾಗ ಚಪ್ಪಲಿ ಮೆಟ್ಟಿ ರೈಲು ಹತ್ತಿದರು. ಹಾಗಾದರೆ ಮನುಷ್ಯರನ್ನು ಕರೆಯುವ ಕ್ರಮ ಇದೇ ಎಂದು ತೀರ್ಮಾನಿಸಿ, ಬೀದಿಯ ಎಲ್ಲ ಮೊಬೈಲುಗಳಿಂದ, ಕಂಡ ಕಂಡವರಿಗೆಲ್ಲ ಒಂದೇ ಮಾತು ಬರೆದಿತ್ತು: "ಮೂರನೇ ಸಾಲು ತಪ್ಪು." ಕೇಕು ಮಾಡುವವಳಿಗೆ ಬರೆಯಿತು, ಭಾರ ಎತ್ತುವವನಿಗೆ ಬರೆಯಿತು, ಬ್ಯಾಂಕಿನವರಿಗೂ ಬರೆಯಿತು. ಫಾಲೋ ಮಾಡುವುದಕ್ಕೆ ಮಿತಿ ಇತ್ತು, ತಪ್ಪು ಹುಡುಕುವುದಕ್ಕೆ ಯಾವ ಮಿತಿಯೂ ಇರಲಿಲ್ಲ! ಅಷ್ಟು ದಿನ ಎಲ್ಲಿದ್ದರೋ, ನಿಜವಾದ ಮನುಷ್ಯರು ಸಾವಿರ ಸಾವಿರವಾಗಿ ಜಗಳಕ್ಕೆ ಬಂದಿದ್ದರು. ಬೈಯುವುದನ್ನು ತಪ್ಪಿಸಿಕೊಳ್ಳಬಾರದೆಂದು ಎಲ್ಲರೂ ಫಾಲೋ ಮಾಡಿದ್ದರು. ಸಮೀಪದವರು ಮನೆಗೇ ಬಂದಿದ್ದರು. ತಿಪಟೂರಿನ ನಮ್ಮ ಬೀಗರು ಎಲ್ಲರಿಗಿಂತ ಮುಂದೆ ನಿಂತಿದ್ದರು.

"ಮಕ್ಕಳ ಮದುವೆ ಫೋಟೋದಲ್ಲಿ ಮೂರನೇ ಸಾಲು ತಪ್ಪು ಅಂದ್ರಲ್ಲ! ಮೂರನೇ ಸಾಲಲ್ಲಿ ನಿಂತಿರೋರು ನಮ್ಮಣ್ಣ, ಅತ್ತಿಗೆ! ಏನ್ರೀ ತಪ್ಪು ಅವ್ರಲ್ಲಿ?"

ಅವರನ್ನು ಒಳಗೆ ಕರೆದು, ಕೈಗೆ ನೀರು ಕೊಟ್ಟು, ಊಟಕ್ಕೆ ಕೂರಿಸುವಷ್ಟರಲ್ಲಿ ನನ್ನ ಪ್ರಾಣ ಹೋಯಿತು. ಮಗಳ ಮದುವೆಯಾದ ಮೇಲೆ ಅವರು ನಮ್ಮ ಮನೆಗೆ ಬಂದದ್ದು ಅದೇ ಮೊದಲು.

ಮರುದಿನ ಹಾಸನಕ್ಕೆ ಹೊರಡುವಾಗ ಮೇಳದ ಕಾರ್ಯದರ್ಶಿಯ ಫೋನು ಬಂತು. ಅಭಿನಂದನೆ, ನಿಮ್ಮ ಅಕೌಂಟಿಗೆ ಈಗ ಐವತ್ತು ಸಾವಿರ, ದಯವಿಟ್ಟು ಬನ್ನಿ, ಸಮಾರೋಪವೇ ನಿಮ್ಮದು ಎಂದರು.

"ಹಾಡೋರು ಆಸ್ಪತ್ರೆಗೆ ಹೊರಟಿದಾರೆ ಸ್ವಾಮಿ" ಎಂದರು ಪರ್ವತಪ್ಪ. "ಬರಲ್ಲ. ಇಲ್ಲಿ ಉಳಿಯೋದು ಯಂತ್ರ ಒಂದೇ."

"ಅಕೌಂಟು ಅದೇ ತಾನೆ ಸಾರ್?" ಎಂದರು ಕಾರ್ಯದರ್ಶಿ.

ಆಪರೇಷನ್ ಆಯಿತು. ಗಂಟು ಕೆಟ್ಟದ್ದಲ್ಲ ಎಂದರು ಡಾಕ್ಟರು. ದನಿಯ ವಿಷಯ ಕಾದು ನೋಡಬೇಕು, ಅಲ್ಲಿಯವರೆಗೆ ಒಂದು ಮಾತೂ ಆಡಕೂಡದು ಎಂದರು. ಸಿದ್ಧಗಂಗಮ್ಮ ಕೊರಳಿಗೆ ಬಿಳೀ ಪಟ್ಟಿ ಸುತ್ತಿಕೊಂಡು, ನಮ್ಮನ್ನೆಲ್ಲ ಕಣ್ಣಲ್ಲೇ ಗದರಿಸುತ್ತ ಮಲಗಿದ್ದರು. ಮೂರನೇ ದಿನ ಹೊಂಬಾಳಮ್ಮ ಮೊಮ್ಮಗಳ ಕೈ ಹಿಡಿದು ಬಂದಿತು. ಯಾರನ್ನೂ ಕೇಳದೆ ಮಂಚದ ಪಕ್ಕ ಕುಳಿತು, ಬೊಚ್ಚುಬಾಯಿಯಲ್ಲಿ ಮೆಲ್ಲಗೆ ಅದೇ ಪದ ಎತ್ತಿತು. ಬಾವಿಯ ಸಾಲು ಬಂದಾಗ ತಡೆಯಿತು. ಒಮ್ಮೆ ಸಿದ್ಧಗಂಗಮ್ಮನ ಕೊರಳಿನ ಪಟ್ಟಿಯನ್ನು ನೋಡಿತು. ಆಮೇಲೆ "ಬತ್ತ್ಯಾವೆ" ಎಂದೇ ಹಾಡಿತು.

ಸಿದ್ಧಗಂಗಮ್ಮ ತಲೆ ಅಲ್ಲಾಡಿಸಿದರು. ಅಲ್ಲ, ಅಲ್ಲ ಎಂದು ಕೈ ಆಡಿಸಿ, ಬೆರಳುಗಳನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಎತ್ತಿ ತೋರಿಸಿದರು. ಪರ್ವತಪ್ಪ ಎದ್ದು ಹೊರಗೆ ಹೋದರು. ಮುದುಕಿ ಕಣ್ಣೊರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿತು, "ಉಕ್ಕ್ಯಾವೆ" ಎಂದು.

ಮೇಳಕ್ಕೆ ಯಂತ್ರವೇ ಹೋಯಿತು. ಶಾಲು ಹೊದಿಸಿ, ಹಾರ ಹಾಕಿ ವೇದಿಕೆಯ ಮೇಲೆ ಕೂರಿಸಿದರಂತೆ. ಅದು ಬಂದವರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ ತಪ್ಪು ಹೇಳಲು ಶುರುಮಾಡಿತಂತೆ. ಇಷ್ಟು ವರ್ಷದಲ್ಲಿ ಸಮಾರೋಪ ಮುಗಿಯುವವರೆಗೂ ಜನ ಎದ್ದು ಹೋಗದೆ ಕುಳಿತದ್ದು ಇದೇ ಮೊದಲು ಎಂದು ಕಾರ್ಯದರ್ಶಿಗಳು ಬಹಳ ಸಂತೋಷಪಟ್ಟರಂತೆ.